ನಿಧಾನಗತಿಯ ಲಿಂಫೋಮಾ ಒಂದೇ ಕಡೆ ಇದ್ದಾಗ: ಎಷ್ಟು ಚಿಕಿತ್ಸೆ ಸಾಕು?

ಕುತ್ತಿಗೆಯಲ್ಲೋ ತೊಡೆಸಂದಿನಲ್ಲೋ ನೋವಿಲ್ಲದ ಒಂದು ಗಂಟು. ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಕೆಲವೊಮ್ಮೆ ಕೊಂಚ ಇಳಿದು ಮತ್ತೆ ಊದುತ್ತದೆ. ಕೊನೆಗೆ ಬಯಾಪ್ಸಿ ಮಾಡಿಸಿದಾಗ ವರದಿಯಲ್ಲಿ ‘ಫಾಲಿಕ್ಯುಲರ್ ಲಿಂಫೋಮಾ’ ಎಂದು ಬರುತ್ತದೆ. ಸ್ಕ್ಯಾನ್‌ನಲ್ಲಿ ದೇಹದ ಬೇರೆಲ್ಲೂ ಏನೂ ಕಾಣುವುದಿಲ್ಲ. ನಾಲ್ಕು ಜನ ತಜ್ಞರನ್ನು ಕೇಳಿದರೆ ನಾಲ್ಕು ಉತ್ತರ ಸಿಗುವ ಸಾಧ್ಯತೆ ಶುರುವಾಗುವುದು ಇಲ್ಲಿಂದ. ಒಬ್ಬರು ಎರಡೂವರೆ ವಾರ ರೇಡಿಯೇಷನ್ ಕೊಟ್ಟರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಅದರ ಜತೆ ಕೀಮೋಥೆರಪಿಯೂ ಇರಲಿ ಎನ್ನುತ್ತಾರೆ. ಮೂರನೆಯವರು ರಿಟುಕ್ಸಿಮ್ಯಾಬ್ ಎಂಬ ಪ್ರತಿಕಾಯ ಔಷಧ ಮಾತ್ರ ಸಾಕು ಎಂದರೆ, ನಾಲ್ಕನೆಯವರು ಸದ್ಯಕ್ಕೆ ಏನೂ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸುತ್ತಾರೆ.

ಇದು ಉತ್ಪ್ರೇಕ್ಷೆಯಲ್ಲ. ಅಮೆರಿಕದ ‘ನ್ಯಾಷನಲ್ ಲಿಂಫೋಕೇರ್’ ಅಧ್ಯಯನ ಮೊದಲ ಹಂತದ ಫಾಲಿಕ್ಯುಲರ್ ಲಿಂಫೋಮಾ ಇದ್ದ 471 ರೋಗಿಗಳಿಗೆ ನಿಜಕ್ಕೂ ಯಾವ ಚಿಕಿತ್ಸೆ ಸಿಕ್ಕಿತು ಎಂದು ದಾಖಲಿಸಿ 2012ರಲ್ಲಿ ಪ್ರಕಟಿಸಿತು. ಶೇ 28ರಷ್ಟು ಜನರಿಗೆ ಕೀಮೋ ಮತ್ತು ರಿಟುಕ್ಸಿಮ್ಯಾಬ್, ಶೇ 27ರಷ್ಟು ಜನರಿಗೆ ಬರೀ ರೇಡಿಯೇಷನ್, ಶೇ 17ರಷ್ಟು ಜನರಿಗೆ ಏನೂ ಕೊಡದೆ ನಿಗಾ, ಶೇ 13ರಷ್ಟು ಜನರಿಗೆ ಔಷಧ ಮತ್ತು ರೇಡಿಯೇಷನ್ ಎರಡೂ, ಶೇ 12ರಷ್ಟು ಜನರಿಗೆ ರಿಟುಕ್ಸಿಮ್ಯಾಬ್ ಮಾತ್ರ. ಒಂದೇ ರೋಗ, ಒಂದೇ ಹಂತ, ಐದು ದಾರಿ.

ಹೀಗೇಕೆ? ಔಷಧ ಸೇರಿಸಿದವರಲ್ಲಿ ರೋಗ ಮರುಕಳಿಸುವುದು ತಡವಾಯಿತು. ಆದರೆ ಆ ಅಧ್ಯಯನದ ಅವಧಿಯಲ್ಲಿ ಯಾವ ದಾರಿ ಹಿಡಿದವರು ಹೆಚ್ಚು ಕಾಲ ಬದುಕಿದರು ಎಂದು ನೋಡಿದರೆ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ರೋಗ ಮತ್ತೆ ಬರುವುದನ್ನು ಮುಂದೂಡುವುದು ಒಂದು ಅಳತೆ, ಆಯುಷ್ಯ ಹೆಚ್ಚಿಸುವುದು ಇನ್ನೊಂದು. ಬೇರೆ ಅನೇಕ ಕ್ಯಾನ್ಸರ್‌ಗಳಲ್ಲಿ ಇವೆರಡೂ ಜತೆಜತೆಯಾಗಿ ಸಾಗುತ್ತವೆ, ಈ ರೋಗದಲ್ಲಿ ಬಹಳ ವರ್ಷ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ನನ್ನ ಪ್ರಕಾರ, ಈ ಎರಡು ಅಳತೆಗಳನ್ನು ಕಲಸಿಬಿಡುವುದರಿಂದಲೇ ಕೆಲವರು ಬೇಕಾದ್ದಕ್ಕಿಂತ ಹೆಚ್ಚು ಔಷಧ ತೆಗೆದುಕೊಳ್ಳುತ್ತಾರೆ, ಇನ್ನು ಕೆಲವರು ಗುಣವಾಗುವ ಅವಕಾಶವನ್ನೇ ಕೇಳದೆ ಬಿಟ್ಟುಬಿಡುತ್ತಾರೆ.

ನಿಧಾನ ಎನ್ನುವುದು ಒಳ್ಳೆಯದೂ ಹೌದು, ತೊಡಕೂ ಹೌದು

ಲಿಂಫೋಮಾ ಎಂದರೆ ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳ ಕ್ಯಾನ್ಸರ್. ಅದರಲ್ಲಿ ವೇಗವಾಗಿ ಬೆಳೆಯುವ ಬಗೆಗಳಿವೆ, ನಿಧಾನವಾಗಿ ಬೆಳೆಯುವ ಬಗೆಗಳಿವೆ. ನಿಧಾನದ ಗುಂಪಿನಲ್ಲಿ ಹೆಚ್ಚಾಗಿ ಕಾಣುವುದು ಫಾಲಿಕ್ಯುಲರ್ ಲಿಂಫೋಮಾ. ಹೊಟ್ಟೆ, ಕಣ್ಣಿನ ಸುತ್ತಲಿನ ಅಂಗಾಂಶ, ಲಾಲಾಗ್ರಂಥಿಯಂಥ ಜಾಗಗಳಲ್ಲಿ ಬರುವ ಮಾರ್ಜಿನಲ್ ಝೋನ್ ಲಿಂಫೋಮಾ ಅದರ ನಂತರದ್ದು.

ಫಾಲಿಕ್ಯುಲರ್ ಲಿಂಫೋಮಾ ಇರುವ ಸುಮಾರು ಶೇ 85ರಷ್ಟು ಜನರ ರೋಗಕೋಶಗಳಲ್ಲಿ 14 ಮತ್ತು 18ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿರುತ್ತವೆ. ಇದರಿಂದ ಬಿಸಿಎಲ್-2 ಎಂಬ ಪ್ರೋಟೀನ್ ವಿಪರೀತ ತಯಾರಾಗುತ್ತದೆ. ಆ ಪ್ರೋಟೀನ್ ಜೀವಕೋಶ ತನ್ನ ಹೊತ್ತಿಗೆ ಸಾಯುವುದನ್ನು ತಡೆಯುತ್ತದೆ. ಅಂದರೆ ಈ ಕೋಶಗಳು ಭರಭರ ಹುಟ್ಟುತ್ತಿರುವುದಿಲ್ಲ, ಸಾಯಬೇಕಾದವು ಸಾಯದೆ ಸೇರಿಕೊಳ್ಳುತ್ತಿರುತ್ತವೆ. ಸೂಕ್ಷ್ಮ ವಿಧಾನದಿಂದ ಹುಡುಕಿದರೆ ಇದೇ ಅದಲುಬದಲು ಪೂರ್ಣ ಆರೋಗ್ಯವಂತರಾದ ಎಷ್ಟೋ ವಯಸ್ಕರ ರಕ್ತದಲ್ಲೂ ಸಿಗುತ್ತದೆ, ಅವರಲ್ಲಿ ಬಹುಪಾಲು ಜನರಿಗೆ ಲಿಂಫೋಮಾ ಎಂದೂ ಬರುವುದಿಲ್ಲ.

ಕೀಮೋ ಹೆಚ್ಚಾಗಿ ಹೊಡೆಯುವುದು ವಿಭಜನೆಯಾಗುತ್ತಿರುವ ಕೋಶಗಳನ್ನು. ವೇಗದ ಲಿಂಫೋಮಾ ಅದಕ್ಕೆ ಸಿಕ್ಕಿಬೀಳುತ್ತದೆ, ಅನೇಕರಲ್ಲಿ ಪೂರ್ತಿ ಗುಣವಾಗುತ್ತದೆ. ನಿಧಾನದ್ದು ಕರಗಿದಂತೆ ಕಂಡು, ಎಲ್ಲೋ ಉಳಿದು, ವರ್ಷಗಳ ನಂತರ ಮತ್ತೆ ತಲೆಯೆತ್ತುತ್ತದೆ. ಹೀಗಾಗಿ ದೇಹದ ತುಂಬ ಹರಡಿದ ನಿಧಾನಗತಿಯ ಲಿಂಫೋಮಾವನ್ನು ದಶಕಗಳ ಕಾಲ ಹತೋಟಿಯಲ್ಲಿಡಬಹುದೇ ಹೊರತು ‘ಗುಣವಾಯಿತು’ ಎಂದು ಹೇಳಲು ವೈದ್ಯರು ಹಿಂಜರಿಯುತ್ತಾರೆ. ಒಂದೇ ಕಡೆ ಇದ್ದಾಗ ಮಾತ್ರ ಆ ಮಾತು ಸಾಧ್ಯ. ಆದರೆ ಅಂಥ ಹಂತದಲ್ಲಿ ಸಿಗುವವರೇ ಕಡಿಮೆ, ಹೆಚ್ಚಿನವರಲ್ಲಿ ಪತ್ತೆಯಾಗುವ ಹೊತ್ತಿಗೆ ರೋಗ ಹಲವು ಕಡೆ ಹರಡಿರುತ್ತದೆ. ಈ ಹಂತದ ಬಗ್ಗೆ ದೊಡ್ಡ ಪ್ರಯೋಗಗಳು ವಿರಳವಾಗಿರುವುದಕ್ಕೆ ಇದೇ ಕಾರಣ. ಮುಂದೆ ಹೇಳಲಿರುವ ಒಂದು ಮುಖ್ಯ ಪ್ರಯೋಗಕ್ಕೆ 150 ರೋಗಿಗಳನ್ನು ಸೇರಿಸಲು 2000ದಿಂದ 2012ರವರೆಗೆ ಹಿಡಿಯಿತು.

ಮೊದಲ ಹಂತ ಎಂದು ಹೇಳುವವರು ಯಾರು, ಏನು ನೋಡಿ?

ಚಿಕಿತ್ಸೆ ಯಾವುದು ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಈ ಪ್ರಶ್ನೆಗೆ ಹೆಚ್ಚು ಸಮಯ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. 1971ರ ಆನ್ ಆರ್ಬರ್ ವರ್ಗೀಕರಣ ಮತ್ತು ಅದನ್ನು ಪರಿಷ್ಕರಿಸಿದ 2014ರ ಲುಗಾನೊ ವರ್ಗೀಕರಣದ ಪ್ರಕಾರ, ದುಗ್ಧರಸ ಗ್ರಂಥಿಗಳ ಒಂದೇ ಗುಂಪಿನಲ್ಲಿ ಅಥವಾ ಗ್ರಂಥಿಯ ಹೊರಗೆ ಒಂದೇ ಜಾಗದಲ್ಲಿ ರೋಗವಿದ್ದರೆ ಮೊದಲ ಹಂತ. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ಒಂದೇ ಬದಿಯಲ್ಲಿ ಎರಡು ಅಥವಾ ಹೆಚ್ಚು ಗುಂಪುಗಳಲ್ಲಿದ್ದರೆ ಎರಡನೇ ಹಂತ. ಕಾಗದದ ಮೇಲೆ ಸರಳ. ಆದರೆ ‘ಒಂದೇ ಕಡೆ ಇದೆ’ ಎನ್ನುವ ಮಾತಿನ ಬೆಲೆ, ಬೇರೆ ಕಡೆ ಎಷ್ಟು ಚೆನ್ನಾಗಿ ಹುಡುಕಿದ್ದಾರೆ ಎನ್ನುವುದರ ಮೇಲೆ ನಿಂತಿದೆ.

ಮೊದಲು ಬಯಾಪ್ಸಿ. ತೆಳು ಸೂಜಿಯಲ್ಲಿ ಎಳೆದ ನಾಲ್ಕು ಕೋಶಗಳಿಂದ ಈ ರೋಗವನ್ನು ಸರಿಯಾಗಿ ಹೆಸರಿಸಲು ಆಗದು. ಗ್ರಂಥಿಯೊಳಗಿನ ವಿನ್ಯಾಸ ನೋಡಬೇಕು, ಅದಕ್ಕೆ ಆದಷ್ಟು ಮಟ್ಟಿಗೆ ಇಡೀ ಗ್ರಂಥಿಯನ್ನೇ ತೆಗೆದು ಪರೀಕ್ಷಿಸುವುದು ಉತ್ತಮ. ಪೆಥಾಲಜಿ ತಜ್ಞರು ಸೂಕ್ಷ್ಮದರ್ಶಕದಲ್ಲಿ ದೊಡ್ಡ ಕೋಶಗಳನ್ನು ಎಣಿಸುತ್ತಾರೆ. ಹೆಚ್ಚು ವರ್ಧನೆಯಲ್ಲಿ ಒಂದು ನೋಟಕ್ಕೆ ಸರಾಸರಿ 5ರವರೆಗೆ ಸಿಕ್ಕರೆ ಮೊದಲ ದರ್ಜೆ, 6ರಿಂದ 15 ಸಿಕ್ಕರೆ ಎರಡನೇ ದರ್ಜೆ, ಅದಕ್ಕೂ ಹೆಚ್ಚಾದರೆ ಮೂರನೆಯದು. ಮೂರನೇ ದರ್ಜೆಯಲ್ಲಿ ಮತ್ತೆ ‘ಎ’ ಮತ್ತು ‘ಬಿ’ ಎಂದು ಎರಡು ಬಗೆ. ಸಣ್ಣ ಕೋಶಗಳೇ ಉಳಿಯದೆ ದೊಡ್ಡವೇ ತುಂಬಿಕೊಂಡಿದ್ದರೆ ‘3ಬಿ’. ಅದನ್ನು ವೇಗದ ಲಿಂಫೋಮಾ ಎಂದೇ ಭಾವಿಸಿ ಚಿಕಿತ್ಸೆ ಕೊಡುತ್ತಾರೆ, ಈ ಲೇಖನದ ಯಾವ ಅಂಕಿಯೂ ಅದಕ್ಕೆ ಹೊಂದುವುದಿಲ್ಲ. ಹಾಗಾಗಿ ಎರಡನೇ ಅಭಿಪ್ರಾಯ ಪಡೆಯುವಾಗ ವರದಿಯ ಜೆರಾಕ್ಸ್ ಮಾತ್ರ ಒಯ್ದರೆ ಸಾಲದು, ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಒಯ್ಯಬೇಕು.

ಆಮೇಲೆ ಪೆಟ್-ಸಿಟಿ ಸ್ಕ್ಯಾನ್, ಅಂದರೆ ಚುರುಕಾದ ಕೋಶಗಳಿರುವ ಜಾಗ ಹೊಳೆದು ಕಾಣುವ ಸ್ಕ್ಯಾನ್. ಆಸ್ಟ್ರೇಲಿಯಾದ ವೈದ್ಯರು 2008ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ, ಸಿಟಿ ಸ್ಕ್ಯಾನ್ ನೋಡಿ ‘ಆರಂಭಿಕ ಹಂತ’ ಎಂದುಕೊಂಡಿದ್ದ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಪೆಟ್ ಸ್ಕ್ಯಾನ್ ಮಾಡಿದಾಗ ರೋಗ ಹರಡಿರುವುದು ಗೊತ್ತಾಯಿತು. ಅವರಿಗೆ ಕುತ್ತಿಗೆಗೆ ಮಾತ್ರ ರೇಡಿಯೇಷನ್ ಕೊಟ್ಟಿದ್ದರೆ ‘ರೇಡಿಯೇಷನ್ ವಿಫಲವಾಯಿತು’ ಎಂದು ಲೆಕ್ಕಕ್ಕೆ ಬರುತ್ತಿತ್ತು. ಬರೀ ಸ್ಥಳೀಯ ಚಿಕಿತ್ಸೆಯ ಯೋಚನೆಯಿದ್ದರೆ ಮೂಳೆಮಜ್ಜೆಯ ಪರೀಕ್ಷೆಯೂ ಬೇಕು. ಅಲ್ಲಿ ಚೆದುರಿರುವ ಸಣ್ಣ ಪ್ರಮಾಣದ ರೋಗ ಪೆಟ್ ಕಣ್ಣಿಗೆ ಬೀಳದೆ ಹೋಗಬಹುದು.

ಇದರಲ್ಲಿ ಅಂಕಿಸಂಖ್ಯೆಯ ಒಂದು ಚಮತ್ಕಾರವೂ ಇದೆ. ಮರೆಯಲ್ಲಿ ರೋಗ ಹರಡಿದ್ದವರನ್ನು ಆರಂಭಿಕ ಗುಂಪಿನಿಂದ ತೆಗೆದು ಮುಂದುವರಿದ ಗುಂಪಿಗೆ ಹಾಕಿ ನೋಡಿ. ಆರಂಭಿಕ ಗುಂಪಿನ ಸರಾಸರಿ ಏರುತ್ತದೆ, ಏಕೆಂದರೆ ಅಲ್ಲಿದ್ದ ದುರ್ಬಲರು ಹೋದರು. ಮುಂದುವರಿದ ಗುಂಪಿನ ಸರಾಸರಿಯೂ ಏರುತ್ತದೆ, ಏಕೆಂದರೆ ಅಲ್ಲಿನವರ ಮಟ್ಟಿಗೆ ಹೊಸಬರು ಗಟ್ಟಿಗರು. ಒಬ್ಬರಿಗೂ ಹೊಸ ಔಷಧ ಕೊಟ್ಟಿಲ್ಲ, ಎರಡೂ ಕಡೆ ಫಲಿತಾಂಶ ಸುಧಾರಿಸಿದೆ! 1990ರ ದಶಕದ ಅಂಕಿಯನ್ನು ಇಂದಿನದರ ಪಕ್ಕದಲ್ಲಿಟ್ಟು ‘ಹೊಸ ಚಿಕಿತ್ಸೆ ಎಷ್ಟು ಮೇಲು’ ಎನ್ನುವವರು ಇದನ್ನು ಮರೆಯುತ್ತಾರೆ.

ಎರಡು ಅಂಕಿಗಳನ್ನು ಎದುರುಬದುರು ಇಟ್ಟರೆ ಇದು ಕಾಣುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 1961ರಿಂದ 1994ರವರೆಗೆ ರೇಡಿಯೇಷನ್ ಪಡೆದ 177 ಆರಂಭಿಕ ಹಂತದ ರೋಗಿಗಳ ವಿವರವನ್ನು 1996ರಲ್ಲಿ ಪ್ರಕಟಿಸಿತು. ಐದು ವರ್ಷದ ಹೊತ್ತಿಗೆ ಶೇ 55ರಷ್ಟು, ಹತ್ತು ವರ್ಷದ ಹೊತ್ತಿಗೆ ಶೇ 44ರಷ್ಟು ಜನರಲ್ಲಿ ರೋಗ ಮರುಕಳಿಸಿರಲಿಲ್ಲ. 2019ರಲ್ಲಿ ಹಲವು ದೇಶಗಳ ಕೇಂದ್ರಗಳು ಸೇರಿ, ಪೆಟ್ ಸ್ಕ್ಯಾನ್ ಮಾಡಿ ಹಂತ ನಿರ್ಧರಿಸಿ ರೇಡಿಯೇಷನ್ ಮಾತ್ರ ಕೊಟ್ಟ 512 ರೋಗಿಗಳ ವಿವರ ಪ್ರಕಟಿಸಿದವು. ಐದು ವರ್ಷದ ಹೊತ್ತಿಗೆ ಶೇ 69ರಷ್ಟು ಜನರಲ್ಲಿ ರೋಗ ಮುಂದುವರಿದಿರಲಿಲ್ಲ, ಬದುಕಿದ್ದವರು ಶೇ 96. ಹಂತವಾರು ನೋಡಿದರೆ ಮೊದಲ ಹಂತದಲ್ಲಿ ಶೇ 74, ಎರಡನೆಯದರಲ್ಲಿ ಶೇ 49. ಹಳೆಯ ಕಾಲಕ್ಕಿಂತ ಈಗ ಕೊಡುವ ರೇಡಿಯೇಷನ್ ಪ್ರಮಾಣ ಕಡಿಮೆಯಾಗಿದೆ, ಫಲಿತಾಂಶ ಮಾತ್ರ ಮೇಲಾಗಿದೆ. ಇದರ ಬಹುಪಾಲು ಶ್ರೇಯಸ್ಸು ಹುಡುಕಾಟಕ್ಕೆ ಸಲ್ಲಬೇಕು. ಹಾಗೆಯೇ, ‘ಆರಂಭಿಕ’ ಎಂದು ಒಂದೇ ಉಸಿರಿನಲ್ಲಿ ಹೇಳುವ ಒಂದು ಮತ್ತು ಎರಡನೇ ಹಂತಗಳ ನಡುವೆ ಇಷ್ಟು ಅಂತರವಿದೆ ಎಂಬುದನ್ನು ರೋಗಿಗಳಿಗೆ ಬಿಡಿಸಿ ಹೇಳುವುದು ಅಪರೂಪ.

ರೇಡಿಯೇಷನ್: ಎಷ್ಟು ಕೊಟ್ಟರೆ ಸಾಕು

ಲಿಂಫೋಮಾ ಕೋಶಗಳಿಗೆ ರೇಡಿಯೇಷನ್ ಎಂದರೆ ಆಗದು. ಬೇರೆ ಗಡ್ಡೆಗಳಿಗೆ 60–70 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಬೇಕಾಗುವ ಕಡೆ ಇವುಗಳಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗ 24 ಗ್ರೇಯನ್ನು ಹಳೆಯ ರೂಢಿಯ 40–45 ಗ್ರೇ ಜತೆ ಹೋಲಿಸಿತು. ನಿಧಾನಗತಿಯ ಲಿಂಫೋಮಾದಲ್ಲಿ ಹೆಚ್ಚು ಕೊಟ್ಟದ್ದರಿಂದ ಲಾಭವೇನೂ ಕಾಣಲಿಲ್ಲ. ಮುಂದಿನ ಹೆಜ್ಜೆಯಾಗಿ ‘ಫೋರ್ಟ್’ ಪ್ರಯೋಗ 24 ಗ್ರೇಯನ್ನು ಬರೀ 4 ಗ್ರೇ ಜತೆ, ಅಂದರೆ ಹನ್ನೆರಡು ದಿನದ ಚಿಕಿತ್ಸೆಯನ್ನು ಎರಡು ದಿನದ ಚಿಕಿತ್ಸೆಯ ಜತೆ ಹೋಲಿಸಿತು. ಐದು ವರ್ಷದ ಹೊತ್ತಿಗೆ ಚಿಕಿತ್ಸೆ ಕೊಟ್ಟ ಜಾಗದಲ್ಲಿ ರೋಗ ಹತೋಟಿಯಲ್ಲಿ ಉಳಿದದ್ದು 24 ಗ್ರೇಯಲ್ಲಿ ಶೇ 89.9, 4 ಗ್ರೇಯಲ್ಲಿ ಶೇ 70.4. ಗುಣಪಡಿಸುವ ಗುರಿ ಇದ್ದರೆ 24 ಗ್ರೇ ಎಂದು ಅಲ್ಲಿಗೆ ತೀರ್ಮಾನವಾಯಿತು. ಆದರೆ ಎರಡೇ ದಿನದ ಚಿಕಿತ್ಸೆ ಐದು ವರ್ಷ ಕಳೆದ ಮೇಲೂ ಹತ್ತರಲ್ಲಿ ಏಳು ಜಾಗಗಳನ್ನು ಹಿಡಿದಿಟ್ಟಿತು ಎಂಬುದನ್ನೂ ಗಮನಿಸಬೇಕು. ವಯಸ್ಸಾದವರಿಗೆ, ಕಣ್ಣಿನಂಥ ಸೂಕ್ಷ್ಮ ಜಾಗಕ್ಕೆ, ಮೊದಲೇ ರೇಡಿಯೇಷನ್ ಆಗಿರುವ ಕಡೆಗೆ ಅದು ದೊಡ್ಡ ಅನುಕೂಲ. ಸಾಲದಿದ್ದರೆ ಆಮೇಲೆ ಹೆಚ್ಚು ಕೊಡಲು ದಾರಿ ತೆರೆದೇ ಇರುತ್ತದೆ.

ಕುತ್ತಿಗೆಗೆ ರೇಡಿಯೇಷನ್ ಎಂದರೆ ನಡೆಯುವುದು ಇಷ್ಟು. ಬಿಸಿನೀರಿನಲ್ಲಿ ಮೆದುವಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಹಾಸಿ ಒತ್ತುತ್ತಾರೆ, ಕೆಲವು ನಿಮಿಷಗಳಲ್ಲಿ ಅದು ತಣಿದು ಮುಖದ ಅಚ್ಚಿಗೆ ಗಟ್ಟಿಯಾಗುತ್ತದೆ. ಪ್ರತಿದಿನ ಆ ಮುಖವಾಡ ತೊಡಿಸಿ ಮೇಜಿಗೆ ಬಿಗಿಯುತ್ತಾರೆ, ತಲೆ ಒಂದೆರಡು ಮಿಲಿಮೀಟರ್ ಕೂಡ ಅಲುಗಬಾರದು. ಯಂತ್ರ ಓಡುವುದು ಕೆಲವೇ ನಿಮಿಷ, ನೋವಿಲ್ಲ. ಇಕ್ಕಟ್ಟಿನ ಭಯ ಇರುವವರಿಗೆ ಆ ಮುಖವಾಡವೇ ದೊಡ್ಡ ಪರೀಕ್ಷೆ, ಅದನ್ನು ಮೊದಲೇ ಹೇಳಿಕೊಂಡರೆ ಸಿಬ್ಬಂದಿ ಸಹಾಯ ಮಾಡುತ್ತಾರೆ. ಎರಡನೇ ವಾರದ ಹೊತ್ತಿಗೆ ಗಂಟಲು ಕೆರೆತ, ಬಾಯಿ ಒಣಗುವುದು, ರುಚಿ ಕೆಡುವುದು ಬರಬಹುದು. ಈ ಪ್ರಮಾಣದಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲಿ ಇಳಿಯುತ್ತವೆ. ವರ್ಷಗಳ ನಂತರ ಥೈರಾಯ್ಡ್ ಮಂದವಾಗಬಹುದು, ಅದನ್ನು ರಕ್ತಪರೀಕ್ಷೆಯಲ್ಲಿ ಹಿಡಿದು ಮಾತ್ರೆಯಿಂದ ಸರಿಪಡಿಸಬಹುದು. ತೊಡೆಸಂದಿಗಾದರೆ ಇಷ್ಟೂ ಇಲ್ಲ. ಹೊಟ್ಟೆಯೊಳಗಿನ ಗ್ರಂಥಿಗಳಿಗೆ ಕೊಡಬೇಕಾದಾಗ ಮೂತ್ರಪಿಂಡ, ಕರುಳುಗಳನ್ನು ತಪ್ಪಿಸಬೇಕಾಗುತ್ತದೆ, ಯೋಜನೆ ಬಿಗಿಯಾಗುತ್ತದೆ. ಚಿಕ್ಕ ವಯಸ್ಸಿನ ಹೆಂಗಸರ ಎದೆಭಾಗಕ್ಕೆ ಕೊಡುವಾಗ ದಶಕಗಳ ನಂತರದ ಸ್ತನ ಕ್ಯಾನ್ಸರ್ ಅಪಾಯವನ್ನೂ ತೂಗಿ ನೋಡಬೇಕು.

ಇಷ್ಟೆಲ್ಲ ಇದ್ದೂ ರೇಡಿಯೇಷನ್ ಬಳಕೆ ಕಡಿಮೆಯೇ. ಅಮೆರಿಕದ ಕ್ಯಾನ್ಸರ್ ನೋಂದಣಿಯ 6,568 ಆರಂಭಿಕ ಹಂತದ ರೋಗಿಗಳ ವಿಶ್ಲೇಷಣೆ 2010ರಲ್ಲಿ ಬಂತು. ಮೊದಲ ಚಿಕಿತ್ಸೆಯಾಗಿ ರೇಡಿಯೇಷನ್ ಸಿಕ್ಕಿದ್ದು ಶೇ 34ರಷ್ಟು ಜನರಿಗೆ ಮಾತ್ರ. ಹತ್ತು ವರ್ಷದ ಹೊತ್ತಿಗೆ ಲಿಂಫೋಮಾದಿಂದ ಸಾಯದೆ ಉಳಿದವರು ರೇಡಿಯೇಷನ್ ಪಡೆದವರಲ್ಲಿ ಶೇ 79, ಪಡೆಯದವರಲ್ಲಿ ಶೇ 66. ಇದನ್ನು ಎಚ್ಚರದಿಂದ ಓದಬೇಕು. ಯಾರಿಗೆ ರೇಡಿಯೇಷನ್ ಕೊಡಲಾಯಿತು ಎಂಬುದು ಚೀಟಿ ಎತ್ತಿ ನಿರ್ಧಾರವಾದದ್ದಲ್ಲ, ಸಣ್ಣ ಜಾಗದಲ್ಲಿ ರೋಗವಿದ್ದ ಗಟ್ಟಿಮುಟ್ಟಾದವರಿಗೆ ಹೆಚ್ಚಾಗಿ ಕೊಟ್ಟಿರಬಹುದು. ಆದರೂ ಯುರೋಪು ಮತ್ತು ಅಮೆರಿಕದ ಮಾರ್ಗಸೂಚಿಗಳು ಒಂದು ಕ್ಷೇತ್ರದೊಳಗೆ ಹಿಡಿಸುವ ಆರಂಭಿಕ ರೋಗಕ್ಕೆ ರೇಡಿಯೇಷನ್ನನ್ನೇ ಮುಂದಿಡುತ್ತವೆ. ಬಳಕೆ ಹಿಂದೆ ಬಿದ್ದಿರುವುದಕ್ಕೆ ಒಂದು ಲೌಕಿಕ ಕಾರಣವೂ ಇದೆಯೆಂದು ನನ್ನ ಗುಮಾನಿ: ಬಯಾಪ್ಸಿ ವರದಿ ಹಿಡಿದು ರೋಗಿ ಮೊದಲು ಯಾರ ಬಾಗಿಲು ತಟ್ಟುತ್ತಾನೆ ಎನ್ನುವುದೇ ಎಷ್ಟೋ ಸಲ ಚಿಕಿತ್ಸೆಯನ್ನು ನಿರ್ಧರಿಸಿಬಿಡುತ್ತದೆ.

ಔಷಧ ಸೇರಿಸಿದರೆ ಸಿಗುವುದೇನು

ರೇಡಿಯೇಷನ್ ಪಡೆದ ಜಾಗದಲ್ಲಿ ರೋಗ ಮತ್ತೆ ಬರುವುದು ಅಪರೂಪ. ಮರುಕಳಿಸುವುದಾದರೆ ಹೆಚ್ಚಾಗಿ ಬೇರೆ ಕಡೆ. ಅಂದರೆ ಸ್ಕ್ಯಾನಿಗೆ ಕಾಣದ ಕೋಶಗಳು ಮೊದಲೇ ಬೇರೆಡೆ ಇದ್ದವು. ಅವನ್ನು ಔಷಧದಿಂದ ಹೊಡೆದರೆ? ಸಹಜವಾದ ಯೋಚನೆ. ಇದನ್ನು ಸರಿಯಾಗಿ ಪರೀಕ್ಷಿಸಿದ್ದು ಆಸ್ಟ್ರೇಲಿಯಾ ಮುಂದಾಳತ್ವದ ‘ಟ್ರಾಗ್ 99.03’ ಪ್ರಯೋಗ. 150 ರೋಗಿಗಳಲ್ಲಿ ಅರ್ಧ ಜನರಿಗೆ 30 ಗ್ರೇ ರೇಡಿಯೇಷನ್ ಮಾತ್ರ, ಉಳಿದವರಿಗೆ ರೇಡಿಯೇಷನ್ ನಂತರ ಆರು ಸುತ್ತು ಕೀಮೋ, 2006ರಿಂದ ಸೇರಿದವರಿಗೆ ಅದರ ಜತೆ ರಿಟುಕ್ಸಿಮ್ಯಾಬ್ ಕೂಡ. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹತ್ತು ವರ್ಷದ ಹೊತ್ತಿಗೆ ರೋಗ ಮುಂದುವರಿಯದೆ ಇದ್ದವರು ಔಷಧ ಸೇರಿಸಿದ ಗುಂಪಿನಲ್ಲಿ ಶೇ 59, ರೇಡಿಯೇಷನ್ ಮಾತ್ರದ ಗುಂಪಿನಲ್ಲಿ ಶೇ 41. ಬದುಕಿದ್ದವರು ಶೇ 95 ಮತ್ತು ಶೇ 87, ಆದರೆ ಈ ಎರಡನೆಯ ಅಂತರ ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳಲು ಸಂಖ್ಯೆ ಸಾಲಲಿಲ್ಲ.

ಈ ಅಂಕಿಗಳನ್ನು ನೂರು ಜನರ ಲೆಕ್ಕದಲ್ಲಿ ಬಿಡಿಸೋಣ. ನೂರೂ ಜನ ಆರು ಸುತ್ತು ಕೀಮೋ ತೆಗೆದುಕೊಂಡರು ಎಂದಿಟ್ಟುಕೊಳ್ಳಿ. ಅವರಲ್ಲಿ 41 ಜನ ಬರೀ ರೇಡಿಯೇಷನ್ನಿನಲ್ಲೇ ಹತ್ತು ವರ್ಷ ಚೆನ್ನಾಗಿರುತ್ತಿದ್ದರು. ಇನ್ನು 41 ಜನರಿಗೆ ಕೀಮೋ ತೆಗೆದುಕೊಂಡರೂ ಹತ್ತು ವರ್ಷದೊಳಗೆ ರೋಗ ಮುಂದುವರಿಯಿತು, ಕೆಲವರಿಗೆ ತಡವಾಗಿ ಬಂದಿರಬಹುದು. ನಿಚ್ಚಳವಾಗಿ ಲಾಭವಾದದ್ದು ಉಳಿದ 18 ಜನರಿಗೆ. ಆ 18 ಜನ ಯಾರು ಎಂದು ಮೊದಲೇ ಹೇಳುವ ನಂಬಿಕೆಯ ಪರೀಕ್ಷೆ ಇನ್ನೂ ಕೈಗೆ ಬಂದಿಲ್ಲ. ಕೀಮೋದ ಬೆಲೆಯನ್ನು ಮಾತ್ರ ನೂರೂ ಜನ ತೆರುತ್ತಾರೆ: ಬಿಳಿ ರಕ್ತಕಣ ಕುಸಿದು ಸೋಂಕು, ಬೆರಳ ತುದಿಗಳಲ್ಲಿ ಜೋಮು, ಚಿಕ್ಕ ವಯಸ್ಸಿನವರಲ್ಲಿ ಸಂತಾನಶಕ್ತಿಗೆ ಕುತ್ತು. ನಲವತ್ತರ ಪ್ರಾಯದ, ಎರಡನೇ ಹಂತದ, ರೋಗ ಮತ್ತೆ ಬರುವ ಯೋಚನೆಯಲ್ಲೇ ನಿದ್ದೆಗೆಡುವ ಒಬ್ಬರಿಗೆ ಆ 18 ಜನರ ಗುಂಪಿಗೆ ಸೇರುವ ಅವಕಾಶ ದೊಡ್ಡದೆನಿಸಬಹುದು. ಎಪ್ಪತ್ತೈದರ, ತೊಡೆಸಂದಿನಲ್ಲಿ ಒಂದೇ ಗ್ರಂಥಿ ಊದಿರುವ, ಸಕ್ಕರೆ ಕಾಯಿಲೆಯೂ ಇರುವವರಿಗೆ ನಾನು ಆ ಮಾತನ್ನು ಹೇಳಲಾರೆ.

ನಡುವಿನ ದಾರಿ ಎಂದರೆ ಕೀಮೋ ಬಿಟ್ಟು ರೇಡಿಯೇಷನ್ ಜತೆ ರಿಟುಕ್ಸಿಮ್ಯಾಬ್ ಮಾತ್ರ ಕೊಡುವುದು. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧ ಬಿ-ಕೋಶಗಳ ಮೇಲಿನ ಸಿಡಿ20 ಗುರುತನ್ನು ಹಿಡಿದು ಅವನ್ನು ಕೊಲ್ಲುತ್ತದೆ. ಜರ್ಮನಿಯ ‘ಎಂಐಆರ್’ ಪ್ರಯೋಗದಲ್ಲಿ ಹೀಗೆ ಚಿಕಿತ್ಸೆ ಪಡೆದ 85 ಜನರಲ್ಲಿ ಐದು ವರ್ಷದ ಹೊತ್ತಿಗೆ ಶೇ 78ರಷ್ಟು ಜನರಿಗೆ ರೋಗ ಮುಂದುವರಿದಿರಲಿಲ್ಲ. ಆಶಾದಾಯಕವೇ. ಆದರೆ ಆ ಪ್ರಯೋಗದಲ್ಲಿ ಹೋಲಿಕೆಗೆ ಎದುರು ಗುಂಪು ಇರಲಿಲ್ಲ. ರೇಡಿಯೇಷನ್ ಇಲ್ಲದೆ ರಿಟುಕ್ಸಿಮ್ಯಾಬ್ ಒಂದನ್ನೇ ಕೊಡುವುದು ಸುಲಭ, ಸಹಿಸಲೂ ಹಗುರ. ಗುಣಪಡಿಸುವ ಗುರಿಗೆ ಅದರ ಆಧಾರ ತೆಳುವಾಗಿದೆ. ಯಾವ ರೂಪದಲ್ಲಿ ಕೊಟ್ಟರೂ ಮೊದಲು ಹೆಪಟೈಟಿಸ್-ಬಿ ಪರೀಕ್ಷೆ ಆಗಲೇಬೇಕು. ಹಳೆಯ ಸೋಂಕು ಸದ್ದಿಲ್ಲದೆ ಯಕೃತ್ತಿನಲ್ಲಿ ಉಳಿದಿದ್ದರೆ ಈ ಔಷಧ ಅದನ್ನು ಕೆರಳಿಸಬಹುದು, ಪ್ರಾಣಕ್ಕೇ ಸಂಚಕಾರ ತರಬಹುದು. ಲಸಿಕೆಗಳಿದ್ದರೆ ಔಷಧಕ್ಕೆ ಮೊದಲೇ ಹಾಕಿಸಿಕೊಳ್ಳುವುದು ಒಳಿತು. ಆಮೇಲೆ ತಿಂಗಳುಗಟ್ಟಲೆ ಲಸಿಕೆಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ.

ಏನೂ ಮಾಡದಿರುವುದು

ಕ್ಯಾನ್ಸರ್ ಇದೆ, ಆದರೆ ಚಿಕಿತ್ಸೆ ಬೇಡ. ಈ ವಾಕ್ಯವನ್ನು ಮನೆಮಂದಿಗೆ ಅರ್ಥ ಮಾಡಿಸುವಷ್ಟರಲ್ಲಿ ರೋಗಿಗೆ ಸಾಕಾಗಿ ಹೋಗುತ್ತದೆ. ‘ಡಾಕ್ಟರು ಕೈಬಿಟ್ಟರಾ?’ ಎಂದು ಕೇಳುವವರೇ ಎಲ್ಲ. ಹರಡಿದ ಹಂತದಲ್ಲಿ, ಲಕ್ಷಣಗಳಿಲ್ಲದವರಿಗೆ ಕೂಡಲೇ ಕೀಮೋ ಕೊಡುವುದಕ್ಕೂ ಕಾಯುವುದಕ್ಕೂ ಆಯುಷ್ಯದಲ್ಲಿ ವ್ಯತ್ಯಾಸವಿಲ್ಲ ಎಂದು ಬ್ರಿಟನ್ನಿನ 309 ರೋಗಿಗಳ ಪ್ರಯೋಗ 2003ರಲ್ಲೇ ತೋರಿಸಿತು. ಆರಂಭಿಕ ಹಂತದ ಬಗ್ಗೆ ಸ್ಟ್ಯಾನ್‌ಫರ್ಡ್ 2004ರಲ್ಲಿ ಪ್ರಕಟಿಸಿದ ಸಣ್ಣ ವರದಿಯಿದೆ. ನಾನಾ ಕಾರಣಗಳಿಂದ ಮೊದಲಿಗೆ ಚಿಕಿತ್ಸೆ ಪಡೆಯದ 43 ಜನರಲ್ಲಿ, ಮಧ್ಯಮ ಲೆಕ್ಕದಲ್ಲಿ ಏಳು ವರ್ಷ ಕಳೆದ ಮೇಲೂ ಶೇ 63ರಷ್ಟು ಜನರಿಗೆ ಚಿಕಿತ್ಸೆಯ ಅಗತ್ಯವೇ ಬಂದಿರಲಿಲ್ಲ. ಹತ್ತು ವರ್ಷದ ಹೊತ್ತಿಗೆ ಬದುಕಿದ್ದವರ ಅಂದಾಜು ಶೇ 85.

ಇದರಿಂದ ಎಲ್ಲರೂ ಕಾಯಬಹುದು ಎಂದಾಗುವುದಿಲ್ಲ, ಆರಿಸಿದ 43 ಜನರ ಅನುಭವ ಅದು. ಕಾಯುವ ದಾರಿಯಲ್ಲಿ ಗುಣವಾಗುವ ಅವಕಾಶವನ್ನು ಸದ್ಯಕ್ಕೆ ಬದಿಗಿಟ್ಟಂತಾಗುತ್ತದೆ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಆದರೆ ಬೇರೆ ಗಂಭೀರ ಕಾಯಿಲೆ ಇರುವವರಿಗೆ, ರೇಡಿಯೇಷನ್ ಕೊಟ್ಟರೆ ದೊಡ್ಡ ಜಾಗವೇ ಬೇಯುವಂತಿರುವವರಿಗೆ, ಬಯಾಪ್ಸಿಯಲ್ಲೇ ಗ್ರಂಥಿ ಪೂರ್ತಿ ಹೋಗಿ ಸ್ಕ್ಯಾನಿನಲ್ಲಿ ಏನೂ ಉಳಿಯದವರಿಗೆ ಇದು ಗೌರವದ ಆಯ್ಕೆ. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಬರುವ ಡ್ಯುಯೋಡಿನಲ್ ಬಗೆಯ ಫಾಲಿಕ್ಯುಲರ್ ಲಿಂಫೋಮಾದಲ್ಲಂತೂ ಅದೇ ಸಾಮಾನ್ಯ ದಾರಿ, ಹೆಚ್ಚಿನವರಲ್ಲಿ ಅದು ಅಲ್ಲಿಂದ ಕದಲುವುದೇ ಇಲ್ಲ.

ಆ್ಯಂಟಿಬಯಾಟಿಕ್‌ಗೆ ಕರಗುವ ಕ್ಯಾನ್ಸರ್

ಮಾರ್ಜಿನಲ್ ಝೋನ್ ಬಗೆಯ ಕಥೆ ಬೇರೆ. ಹೊಟ್ಟೆಯ ಒಳಪದರದಲ್ಲಿ ಬರುವ ಮಾಲ್ಟ್ ಲಿಂಫೋಮಾದ ಹಿಂದೆ ಹೆಚ್ಚಾಗಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದರ ದೀರ್ಘ ಕಾಲದ ಕಿರಿಕಿರಿಯೇ ಲಿಂಫೋಸೈಟ್‌ಗಳನ್ನು ಬೆಳೆಸುತ್ತಿರುತ್ತದೆ. 1993ರಲ್ಲಿ ಲಂಡನ್ನಿನ ತಂಡವೊಂದು ಬ್ಯಾಕ್ಟೀರಿಯಾವನ್ನು ಆ್ಯಂಟಿಬಯಾಟಿಕ್‌ನಿಂದ ತೊಲಗಿಸಿದಾಗ ಆರು ರೋಗಿಗಳಲ್ಲಿ ಐವರ ಲಿಂಫೋಮಾ ಇಳಿದುಹೋಯಿತು. ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯಲ್ಲಿ ಇಷ್ಟು ಸಣ್ಣ ಸಂಖ್ಯೆಯಿಂದ ಇಷ್ಟು ದೊಡ್ಡ ಬದಲಾವಣೆ ಆದದ್ದು ಕಡಿಮೆ. ಇಂದು ಬ್ಯಾಕ್ಟೀರಿಯಾ ಇರುವ ಆರಂಭಿಕ ರೋಗಿಗಳಿಗೆ ಇದೇ ಮೊದಲ ಚಿಕಿತ್ಸೆ, ಮುಕ್ಕಾಲು ಪಾಲು ಜನರಲ್ಲಿ ಫಲ ಕೊಡುತ್ತದೆ.

ಇಲ್ಲಿ ಕೆಡುವುದು ಅವಸರದಿಂದ. ಬ್ಯಾಕ್ಟೀರಿಯಾ ಎರಡು ವಾರದ ಮಾತ್ರೆಗೆ ಹೋಗಬಹುದು, ಲಿಂಫೋಮಾ ಪೂರ್ತಿ ಮಾಯವಾಗಲು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಎಂಡೋಸ್ಕೋಪಿಯಲ್ಲಿ ಹುಣ್ಣು ಮಾಯ್ದು, ಬಯಾಪ್ಸಿಯಲ್ಲಿ ಮಾತ್ರ ಒಂದಿಷ್ಟು ಕೋಶಗಳು ಉಳಿದಿದ್ದರೆ ಗಾಬರಿಯಾಗದೆ ಕಾಯುವುದೇ ರೂಢಿ. 11 ಮತ್ತು 18ನೇ ಕ್ರೋಮೋಸೋಮುಗಳ ಅದಲುಬದಲು ಇದ್ದವರಲ್ಲಿ ಆ್ಯಂಟಿಬಯಾಟಿಕ್ ಕೆಲಸ ಮಾಡುವ ಸಾಧ್ಯತೆ ಕಡಿಮೆ. ಅಂಥವರಿಗೂ, ಬ್ಯಾಕ್ಟೀರಿಯಾ ಇಲ್ಲದವರಿಗೂ 24–30 ಗ್ರೇ ರೇಡಿಯೇಷನ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಗುಲ್ಮದ ಮಾರ್ಜಿನಲ್ ಝೋನ್ ಲಿಂಫೋಮಾ ಇದ್ದು ಹೆಪಟೈಟಿಸ್-ಸಿ ಸೋಂಕೂ ಇರುವವರಲ್ಲಿ ವೈರಸ್ಸಿಗೆ ಔಷಧ ಕೊಟ್ಟರೆ ಲಿಂಫೋಮಾ ಇಳಿಯುವುದುಂಟು.

ಮತ್ತೆ ಬಂದರೆ

ಮರುಕಳಿಸಿತು ಎಂದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳುವವರು ಹೆಚ್ಚು. ಅಂತರ್ಜಾಲದಲ್ಲಿ ಹುಡುಕಿದವರಿಗೆ ಇನ್ನೊಂದು ಹೆದರಿಕೆಯೂ ಕಾಣಸಿಗುತ್ತದೆ: ಎರಡು ವರ್ಷದೊಳಗೆ ರೋಗ ಮರಳಿದರೆ ಐದು ವರ್ಷ ಬದುಕುವವರು ಶೇ 50 ಮಾತ್ರ ಎಂಬ 2015ರ ಅಧ್ಯಯನ. ಆ ಅಂಕಿ ರಿಟುಕ್ಸಿಮ್ಯಾಬ್ ಸೇರಿದ ಬಲವಾದ ಕೀಮೋ ಪಡೆದ, ಬಹುಪಾಲು ಮುಂದುವರಿದ ರೋಗವಿದ್ದವರದು. ಕುತ್ತಿಗೆಗೆ ರೇಡಿಯೇಷನ್ ಪಡೆದು ಹದಿನೆಂಟು ತಿಂಗಳಿಗೆ ಕಂಕುಳಲ್ಲಿ ಸಣ್ಣ ಗ್ರಂಥಿ ಕಂಡವರಿಗೆ ಅದನ್ನು ಅನ್ವಯಿಸಿಕೊಳ್ಳುವುದು ತಪ್ಪು. ಅವರಿಗೆ ಮೊದಲ ಬಾರಿಗೆ ಔಷಧ ಬೇಕಾಗುತ್ತಿದೆ ಅಷ್ಟೆ, ಅದೂ ಕೂಡಲೇ ಬೇಕಾಗದಿರಬಹುದು. ಇನ್ನೊಮ್ಮೆ ರೇಡಿಯೇಷನ್, ರಿಟುಕ್ಸಿಮ್ಯಾಬ್, ಬೆಂಡಮಸ್ಟೀನ್, ಲೆನಲಿಡೊಮೈಡ್, ಅವೂ ಸಾಲದಾದರೆ 2021ರಿಂದ ಫಾಲಿಕ್ಯುಲರ್ ಲಿಂಫೋಮಾಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿರುವ ಕಾರ್-ಟಿ ಕೋಶ ಚಿಕಿತ್ಸೆ (ರೋಗಿಯದೇ ಟಿ-ಕೋಶಗಳನ್ನು ಲಿಂಫೋಮಾ ಗುರುತಿಸುವಂತೆ ಮಾರ್ಪಡಿಸಿ ಮರಳಿ ಕೊಡುವುದು), ಆಮೇಲೆ ಬಂದ ಮೊಸುನೆಟುಝುಮ್ಯಾಬ್‌ನಂಥ ರೋಗಕೋಶವನ್ನೂ ಟಿ-ಕೋಶವನ್ನೂ ಒಟ್ಟಿಗೆ ಹಿಡಿಯುವ ಜೋಡಿ ಪ್ರತಿಕಾಯಗಳು ಸರದಿಯಲ್ಲಿವೆ.

ನಿಜಕ್ಕೂ ಹೆದರಬೇಕಾದದ್ದು ರೂಪಾಂತರಕ್ಕೆ. ನಿಧಾನದ ಲಿಂಫೋಮಾ ವರ್ಷಕ್ಕೆ ಶೇ 2–3ರಷ್ಟು ಜನರಲ್ಲಿ ವೇಗದ ಲಿಂಫೋಮಾ ಆಗಿ ಬದಲಾಗುತ್ತದೆ ಎಂಬುದು ಹಳೆಯ ಅಂದಾಜು. ಒಂದೇ ಗ್ರಂಥಿ ವಾರಗಳಲ್ಲಿ ದಪ್ಪವಾಗುವುದು, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಕಾರಣವಿಲ್ಲದ ಜ್ವರ, ಆರು ತಿಂಗಳಲ್ಲಿ ತೂಕದ ಹತ್ತನೇ ಒಂದು ಭಾಗ ಇಳಿಯುವುದು, ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಏರುವುದು ಅದರ ಸೂಚನೆಗಳು. ಹೀಗಾದಾಗ ಪೆಟ್ ಸ್ಕ್ಯಾನಿನಲ್ಲಿ ಹೆಚ್ಚು ಹೊಳೆಯುವ ಜಾಗದಿಂದಲೇ ಮತ್ತೆ ಬಯಾಪ್ಸಿ ತೆಗೆಯಬೇಕು. ಹಳೆಯ ವರದಿ ನೋಡಿ ಹೊಸ ಚಿಕಿತ್ಸೆ ಶುರು ಮಾಡಬಾರದು.

ಚಿಕಿತ್ಸೆ ಮುಗಿದವರ ಫಾಲೋ-ಅಪ್ ಮೊದಲ ಎರಡು-ಮೂರು ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ವೈದ್ಯರ ಕೈ ಮತ್ತು ರೋಗಿಯ ಮಾತು ಮುಖ್ಯ. ಲಕ್ಷಣವಿಲ್ಲದಿದ್ದರೂ ಪದೇ ಪದೇ ಪೆಟ್ ಸ್ಕ್ಯಾನ್ ಮಾಡಿಸುವುದರಿಂದ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ, ಸುಳ್ಳು ಎಚ್ಚರಿಕೆಗಳ ಕಾಟ ಮಾತ್ರ ಹೆಚ್ಚು. ಎಷ್ಟು ವರ್ಷ ಕಳೆದರೆ ಗುಣವಾಯಿತು ಎನ್ನಬಹುದು? ಸ್ಟ್ಯಾನ್‌ಫರ್ಡ್‌ನ ಆ ಹಳೆಯ 177 ಜನರ ಪಟ್ಟಿಯಲ್ಲಿ, ರೇಡಿಯೇಷನ್ ಪಡೆದು ಹತ್ತು ವರ್ಷ ರೋಗವಿಲ್ಲದೆ ಕಳೆದವರು 47 ಮಂದಿ. ಅದರ ನಂತರ ರೋಗ ಮರಳಿದ್ದು ಅವರಲ್ಲಿ ಐವರಿಗೆ.